ಒಂದು ಹಣ್ಣು ಬೀಜಕ್ಕೆ ಬಿಡಿರಿ

ಬಗದಲ್ ಹಾಗೂ ಸುತ್ತಲಿನ ಹಳ್ಳಿಗಳ ಸ್ವಸಹಾಯ ಗುಂಪುಗಳ ಸದಸ್ಯೆಯರಿಗೆ ಒಂದು ಬಹಿರಂಗ ಪತ್ರ

ಅಕ್ಕಂದಿರೇ, ತಂಗಿಯರೇ, ಸೊಸೆಯರಾಗಿ ಬಂದು ನಮ್ಮೂರವರೇ ಆದ ಹೆಣ್ಣುಮಕ್ಕಳೇ,



ಹೋದ ವಾರ ನಮ್ಮ ಓಣಿಯ ಗುಂಪಿನ ಸಭೆಗೆ ಬಂದು ಕುಳಿತಿದ್ದೆ. ಉಳಿತಾಯದ ಲೆಕ್ಕ ಮುಗಿಯಿತು, ಕಂತಿನ ಲೆಕ್ಕ ಮುಗಿಯಿತು, ಆಮೇಲೆ ಮಾತು ತಾನಾಗಿ ಸಂತೆಯ ಕಡೆ ಹೊರಳಿತು. ಟಮಾಟೆ ದರ ಏರಿದೆ ಎಂದರು ಒಬ್ಬರು. ಪಾವ್ ಕಿಲೋ ತಂದು ಮೂರು ದಿನ ಸಾಗಿಸಿದೆ ಎಂದರು ಇನ್ನೊಬ್ಬರು. ಹುಣಸೆಹಣ್ಣಿನಲ್ಲೇ ಬ್ಯಾಳಿ ಮಾಡ್ತೀನಿ ಬಿಡ್ರಿ ಎಂದರು ಮತ್ತೊಬ್ಬರು. ನಾನು ಸುಮ್ಮನೆ ಎಣಿಸುತ್ತ ಕುಳಿತಿದ್ದೆ. ಅಂದು ಅಲ್ಲಿ ಹನ್ನೊಂದು ಮಂದಿ ಇದ್ದಿರಿ. ಒಂಬತ್ತು ಮನೆಗೆ ಹಿತ್ತಲಿದೆ. ಉಳಿದ ಎರಡು ಮನೆಗೆ ಬಚ್ಚಲ ನೀರು ಹರಿದುಹೋಗುವ ಕಡೆ ನಾಲ್ಕು ಮೊಳ ನೆಲವಾದರೂ ಇದೆ. ಒಂದು ಮನೆಯಲ್ಲೂ ಟಮಾಟೆ ಗಿಡ ಇಲ್ಲ. ಒಬ್ಬರ ತಿಪ್ಪೆಯಲ್ಲಿ ತಾನಾಗಿ ಹುಟ್ಟಿದ್ದ ಗಿಡವನ್ನು ಕಸವೆಂದು ಕಿತ್ತು ಒಗೆದಿದ್ದರು. ತಿರುಗಿ ಬರುವಾಗ ಅದು ಹೂವಿನ ಸಮೇತ ಬಾಡಿ ಬಿದ್ದದ್ದನ್ನು ಕಂಡೆ.

ಆ ರಾತ್ರಿಯೇ ಈ ಪತ್ರ ಬರೆಯಲು ಕುಳಿತೆ. ನಿಮ್ಮ ಮಕ್ಕಳಿಗೆ, ನಿಮ್ಮಲ್ಲಿ ಕೆಲವರಿಗೂ, ಅಕ್ಷರ ಕಲಿಸಿದವಳು ನಾನು. ಆ ಸಲಿಗೆಯಿಂದ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿರಿ. ಈ ಹಿಂಗಾರಿಗೆ ಮನೆಗೆ ನಾಲ್ಕು ಜವಾರಿ ಟಮಾಟೆ ಗಿಡ ಹಚ್ಚಿರಿ. ಅವುಗಳಲ್ಲಿ ಒಳ್ಳೆಯ ಗಿಡದ ಒಂದೊಂದು ಹಣ್ಣು ಬೀಜಕ್ಕೆ ಬಿಡಿರಿ. ಆ ಬೀಜದಲ್ಲಿ ಅರ್ಧ ಇನ್ನೊಂದು ಮನೆಗೆ ಕೊಡಿರಿ. ಮೂರೂ ಕೂಡಿ ಒಂದೇ ಕೋರಿಕೆ. ಗಿಡ ಹಚ್ಚಿ ಬೀಜ ಹಿಡಿಯದಿದ್ದರೆ ನಾನು ಕೇಳಿದ್ದು ಆದಂತಾಗುವುದಿಲ್ಲ.

ಜವಾರಿ ಎಂದರೆ ಯಾವುದು ಎಂದು ನೀವು ಕೇಳುವಿರಿ. ಸಂತೆಯಲ್ಲಿ ಈಗ ಎಲ್ಲದಕ್ಕೂ ಆ ಹೆಸರು, ಇಲ್ಲವೇ ಗಾವರಾನಿ ಎಂಬ ಹೆಸರು ಹಚ್ಚಿ ಎರಡು ರೂಪಾಯಿ ಹೆಚ್ಚು ಕೇಳುತ್ತಾರೆ. ಹುಟ್ಟು ಹಿಡಿದು ನೋಡಿದರೆ ಟಮಾಟೆ ನಮ್ಮ ನೆಲದ್ದೇ ಅಲ್ಲ. ಅದರ ಕಾಡು ಬಳಗ ಇರುವುದು ದಕ್ಷಿಣ ಅಮೆರಿಕದ ಪಶ್ಚಿಮದ ಬೆಟ್ಟಸೀಮೆಯಲ್ಲಿ. ಮೆಕ್ಸಿಕೊದ ಜನ ಅದನ್ನು ಪಳಗಿಸಿದರು. ಅವರ ನಾವಾಟ್ಲ್ ಭಾಷೆಯ ‘ಟೊಮಾಟ್ಲ್’ ಎಂಬ ಮಾತೇ ಊರೂರು ತಿರುಗಿ ನಮ್ಮ ಬಾಯಲ್ಲಿ ಟಮಾಟೆ ಆಗಿದೆ. ಮೆಣಸಿನಕಾಯಿಯ ಹಾಗೆ ಇದೂ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಟಮಾಟೆ ಇರಲಿಲ್ಲ, ಬೀದರ್ ಕೋಟೆ ಕಟ್ಟಿದ ಬಹಮನಿ ಸುಲ್ತಾನರ ಅಡುಗೆಮನೆಯಲ್ಲೂ ಇರಲಿಲ್ಲ. ಆದರೂ ಅದನ್ನು ಜವಾರಿ ಎನ್ನುತ್ತೇವೆ, ಸರಿಯಾಗಿಯೇ ಎನ್ನುತ್ತೇವೆ. ಹೊರಗಿನಿಂದ ಬಂದ ಬೀಜವನ್ನು ಒಂದು ಊರಿನ ಹೆಣ್ಣುಮಕ್ಕಳು ವರ್ಷ ವರ್ಷ ಬಿತ್ತಿದರು. ಆ ಊರಿನ ಬಿಸಿಲು ತಾಳಿದ ಗಿಡದಿಂದ ಬೀಜ ಹಿಡಿದರು, ತಾಳದ್ದನ್ನು ಕೈಬಿಟ್ಟರು, ಉಳಿದದ್ದನ್ನು ಮಗಳ ಉಡಿಗೂ ಸೊಸೆಯ ಉಡಿಗೂ ಹಾಕಿದರು. ಕೆಲವು ತಲೆಮಾರಿನಲ್ಲಿ ಅದು ಆ ಊರಿನದೇ ಆಯಿತು, ಗಂಡನ ಊರಿಗೆ ಬಂದು ಅಲ್ಲಿಯವರೇ ಆಗಿಬಿಟ್ಟ ನಿಮ್ಮ ಹಾಗೆ.

ನನ್ನ ಅವ್ವನ ಹಿತ್ತಲಲ್ಲಿ ಅಂಥ ಒಂದು ಟಮಾಟೆ ಇತ್ತು. ಚಪ್ಪಟೆ ಹಣ್ಣು, ಮೈತುಂಬ ಕುಂಬಳಕಾಯಿಯ ಹಾಗೆ ಗೆರೆ. ಸಿಪ್ಪೆ ಎಷ್ಟು ತೆಳುವೆಂದರೆ ಬುಟ್ಟಿಯ ಅಡಿಯಲ್ಲಿದ್ದವು ಒಳಗೆ ತರುವಷ್ಟರಲ್ಲಿ ಒಡೆದಿರುತ್ತಿದ್ದವು. ಹುಳಿ ಮಾತ್ರ ಹುಣಸೆಯನ್ನು ಮರೆಸುವಂಥದು. ಐದಾರು ಹಣ್ಣು ಕೆಂಡದ ಮೇಲೆ ಸುಟ್ಟು, ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು ಹಾಕಿ ಜಜ್ಜಿ, ಮೇಲೊಂದಿಷ್ಟು ಶೇಂಗಾಪುಡಿ ಉದುರಿಸಿದರೆ ಮನೆಯವರೆಲ್ಲರ ರೊಟ್ಟಿ ಸಾಗುತ್ತಿತ್ತು. ಬೀಜದ ಹಣ್ಣನ್ನು ಅವ್ವ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಹಳೆಯ ಸೀರೆಯ ಚಿಂದಿಯಲ್ಲಿ ಗಂಟು ಕಟ್ಟಿ, ಒಲೆಯ ಮೇಲಿನ ಜಂತಿಗೆ ಸಿಗಿಸುತ್ತಿದ್ದಳು.

ಅವಳು ಹಾಸಿಗೆ ಹಿಡಿದ ಮೇಲೆ ನಾನು ಶಾಲೆ, ಆಸ್ಪತ್ರೆ, ಮಕ್ಕಳ ಪರೀಕ್ಷೆ ಎಂದು ಓಡಾಡಿದೆ. ಹಿತ್ತಲು ಹಾಳುಬಿತ್ತು. ಅವ್ವ ಹೋದ ಮೇಲೆ ಮನೆಗೆ ಸುಣ್ಣ ಬಳಿಸುವಾಗ ಜಂತಿಯ ಗಂಟುಗಳನ್ನೆಲ್ಲ ತೆಗೆಸಿ ಹೊರಗೆ ಹಾಕಿಸಿದವಳು ನಾನೇ. ಯಾವ ಗಂಟಿನಲ್ಲಿ ಏನಿದೆ ಎಂದು ಬಿಚ್ಚಿ ನೋಡಲಿಲ್ಲ. ಮುಂದಿನ ಚಳಿಗಾಲಕ್ಕೆ ಆ ಚಟ್ನಿ ತಿನ್ನುವ ಮನಸ್ಸಾದಾಗಲೇ ಏನು ಮಾಡಿದೆ ಎಂಬುದು ತಿಳಿದದ್ದು. ಇದನ್ನು ನಿಮಗೆ ಹೇಳುವುದು ಏಕೆಂದರೆ, ಒಂದು ಬೀಜ ಊರಿನಿಂದ ಹೋಗಲು ಬರಗಾಲ ಬೇಕಿಲ್ಲ. ಒಂದು ಮನೆಯ ಒಂದು ಕಾಯಿಲೆ ಸಾಕು.

ಆಮೇಲೆ ಸಂತೆಯ ಹಣ್ಣಿನ ಬೀಜವನ್ನೇ ಒಣಗಿಸಿ ಹಾಕಿದೆ. ಆರು ಗಿಡ ಎದ್ದವು, ಆರೂ ಬೇರೆ. ಒಂದರಲ್ಲಿ ಉದ್ದನೆ ಹಣ್ಣು, ಒಂದರಲ್ಲಿ ಗುಂಡು. ಒಂದು ಹೂ ಬಿಟ್ಟು ಕಾಯಿ ಕಟ್ಟಲೇ ಇಲ್ಲ. ಎರಡು ಗಿಡ ಎಲೆ ಮುರುಟಿ ಸತ್ತವು. ಆಗ ನನಗೆ ಕಾರಣ ಗೊತ್ತಿರಲಿಲ್ಲ. ಹೈಬ್ರಿಡ್ ಎಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ. ಆ ಪೀಳಿಗೆಯ ಗಿಡಗಳೆಲ್ಲ ಒಂದೇ ಅಚ್ಚಿನಲ್ಲಿ ಎರೆದಂತೆ ಬರುತ್ತವೆ. ಅವುಗಳ ಬೀಜ ಬಿತ್ತಿದರೆ ಒಳಗೆ ಅಡಗಿದ್ದ ಗುಣಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. ಅದಕ್ಕೇ ಹೈಬ್ರಿಡ್ ಹಾಕಿದವರು ಪ್ರತಿ ವರ್ಷ ಅಂಗಡಿಯ ಬಾಗಿಲಿಗೆ ಹೋಗಬೇಕು.

ಹೈಬ್ರಿಡ್‌ಗೆ ನಾನು ಶಾಪ ಹಾಕುವವಳಲ್ಲ. ಅದರಲ್ಲಿ ನಮ್ಮ ರಾಜ್ಯದ ಬುದ್ಧಿ, ಬೆವರು ಎರಡೂ ಇವೆ. ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಕಟ್ಟಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ 1973ರಲ್ಲಿ ಹೊರತಂದ ಹೈಬ್ರಿಡ್ ಟಮಾಟೆಗೆ ‘ಕರ್ನಾಟಕ’ ಎಂದೇ ಹೆಸರಿತ್ತು. ರಾಣೆಬೆನ್ನೂರಿನ ಸುತ್ತ ಇಂದಿಗೂ ಸಾವಿರಾರು ಹೆಣ್ಣುಮಕ್ಕಳು ಬಿಸಿಲಲ್ಲಿ ಕುಳಿತು, ಅರಳದ ಹೂವಿನ ಗಂಡುಭಾಗವನ್ನು ಚಿಮಟದಿಂದ ಕಿತ್ತು, ಇನ್ನೊಂದು ತಳಿಯ ಪರಾಗ ಮುಟ್ಟಿಸಿ ಅಂಥ ಬೀಜ ಮಾಡುತ್ತಾರೆ. ಎಕರೆಗಟ್ಟಲೆ ಬೆಳೆದು ಲಾರಿಗೆ ತುಂಬುವವರಿಗೆ ದಪ್ಪ ಸಿಪ್ಪೆ ಬೇಕು, ಒಂದೇ ಅಳತೆ ಬೇಕು, ಒಟ್ಟಿಗೆ ಹಣ್ಣಾಗುವುದು ಬೇಕು. ಅವರು ಹೈಬ್ರಿಡ್ ಹಾಕಲಿ. ನಿಮ್ಮ ಹಿತ್ತಲಿನಿಂದ ಒಲೆಗೆ ಇಪ್ಪತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆ ನಡೆಯುವ ಹಣ್ಣಿಗೆ ಲಾರಿಯ ಸಿಪ್ಪೆ ಏಕೆ?

ಇನ್ನೊಂದು ಮಾತು. ಜವಾರಿ ಹಣ್ಣು ಕೆಂಪಾದಾಗಲೂ ತೊಟ್ಟಿನ ಸುತ್ತ ಕಡುಹಸಿರು ಇಲ್ಲವೇ ಹಳದಿ ಉಳಿದಿರುವುದುಂಟು. ಸಂತೆಯಲ್ಲಿ ನಾವು ಅದನ್ನು ದೋರುಗಾಯಿ ಎಂದು ಆರಿಸಿ ಬದಿಗೆ ಇಡುತ್ತೇವೆ. ನಾವು ಹೀಗೆ ಆರಿಸುತ್ತೇವೆಂದೇ ತಳಿ ಮಾಡುವವರು ಎಪ್ಪತ್ತು ವರ್ಷದಿಂದ ಹೆಗಲಿಗೆ ಹಸಿರಿಲ್ಲದ, ಒಂದೇ ಬಣ್ಣಕ್ಕೆ ತಿರುಗುವ ಹಣ್ಣು ಆಯುತ್ತ ಬಂದರು. 2012ರಲ್ಲಿ ಅಮೆರಿಕದ ವಿಜ್ಞಾನಿಗಳು ಅದರ ಒಳಗುಟ್ಟು ಹಿಡಿದರು. ಆ ಹಸಿರು ಹೆಗಲಿಗೆ ಕಾರಣವಾದ ಜೀನ್ ಕಾಯಿಯಲ್ಲಿ ಹಸಿರು ಕಣಗಳನ್ನು ಬೆಳೆಸಿ ಸಕ್ಕರೆ ಕೂಡಿಸುವ ಕೆಲಸ ಮಾಡುತ್ತದಂತೆ. ಒಂದೇ ಬಣ್ಣದ ಹಣ್ಣಿನಲ್ಲಿ ಅದು ಕೆಟ್ಟಿದೆ. ಚೆಲುವು ನೋಡಿ ಆರಿಸಿದ್ದರಿಂದ ರುಚಿಯಲ್ಲಿ ಒಂದು ಪಾಲು ಹೋಯಿತು. ಆದ್ದರಿಂದ ಹೆಗಲು ಹಸಿರಿದ್ದರೆ ಹೆದರಬೇಡಿರಿ.

ಈಗ ಯಾವ ಬೀಜ ಆರಿಸಬೇಕು ಎಂಬುದು. ನನ್ನ ತಂಗಿಯ ಮಗ ಹೈದರಾಬಾದಿನಲ್ಲಿದ್ದಾನೆ. ನನ್ನ ಹಂಬಲ ತಿಳಿದು ಪ್ರೀತಿಯಿಂದ ಆನ್‌ಲೈನ್‌ನಲ್ಲಿ ಎರಡು ಪೊಟ್ಟಣ ತರಿಸಿಕೊಟ್ಟ: ಬ್ರಾಂಡಿವೈನ್, ಚೆರೋಕಿ ಪರ್ಪಲ್. ಎರಡೂ ಅಮೆರಿಕದ ಮನೆಮನೆಯಲ್ಲಿ ಉಳಿದುಬಂದ ನಿಜವಾದ ಪಾರಂಪರಿಕ ತಳಿಗಳು. ಚೆರೋಕಿ ಪರ್ಪಲ್ ಬೀಜವನ್ನು 1990ರಲ್ಲಿ ಟೆನೆಸಿಯ ಒಬ್ಬರು ಪತ್ರದೊಳಗಿಟ್ಟು ಇನ್ನೊಬ್ಬ ಬೀಜಪ್ರೇಮಿಗೆ ಕಳಿಸಿದ್ದರಿಂದ ಅದು ಲೋಕಕ್ಕೆ ಸಿಕ್ಕಿತು. ಆದರೆ ನನ್ನ ಹಿತ್ತಲಲ್ಲಿ ಗಿಡ ಎದೆಯೆತ್ತರ ಬೆಳೆದವು, ಹೂವೆಲ್ಲ ಉದುರಿದವು. ಎರಡು ಪೊಟ್ಟಣಕ್ಕೆ ಮೂರು ಹಣ್ಣು. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಟಮಾಟೆಯ ಪರಾಗ ಕೆಡುತ್ತದೆ. ಅರ್ಧ ಕಿಲೋ ತೂಗುವ, ಮೂರು ತಿಂಗಳು ತೆಗೆದುಕೊಳ್ಳುವ ದೊಡ್ಡ ಹಣ್ಣಿನ ಜಾತಿಗಳಿಗೆ ಇದು ಇನ್ನೂ ಕಷ್ಟ. ಅವು ನಿಧಾನವಾಗಿ ಹಣ್ಣಾಗುವಷ್ಟರಲ್ಲಿ ನಮ್ಮಲ್ಲಿ ಶಿವರಾತ್ರಿಯ ಬಿಸಿಲು ಬಂದಿರುತ್ತದೆ. ಕಪ್ಪು ಟಮಾಟೆ, ಹುಲಿಪಟ್ಟೆ ಟಮಾಟೆ ಎಂದು ಮೊಬೈಲಿನಲ್ಲಿ ಕಂಡದ್ದಕ್ಕೆಲ್ಲ ಗುಂಪಿನ ದುಡ್ಡು ಹಾಕಬೇಡಿರಿ. ನಮಗೆ ಬೇಕಾದದ್ದು ಸಣ್ಣ ಇಲ್ಲವೇ ನಡುಗಾತ್ರದ, ನಾಟಿ ಮಾಡಿದ ಎಪ್ಪತ್ತು ಎಂಬತ್ತು ದಿನಕ್ಕೆ ಹಣ್ಣು ಕೊಡುವ ಜಾತಿ.

ಮೊದಲು ಊರಲ್ಲೇ ಹುಡುಕಿರಿ. ಹಳೆಯ ಮನೆಗಳ ಆಯಿಯರನ್ನು ಕೇಳಿರಿ. ಬಾವಿಕಟ್ಟೆ, ತಿಪ್ಪೆ, ಹೊಲದ ಬದು ನೋಡಿರಿ. ನನಗೆ ಬೀಜ ಮತ್ತೆ ಸಿಕ್ಕಿದ್ದು ಹಾಗೆಯೇ. ರಮಜಾನ್ ಹಬ್ಬಕ್ಕೆ ಹಿಂದಿನ ಓಣಿಯ ಖಾಲಾ ಅವರ ಮನೆಗೆ ಹೋಗಿದ್ದೆ. ಕೈತೊಳೆಯಲು ಹಿತ್ತಲಿಗೆ ಹೋದರೆ ನೀರಿನ ಹೌದಿನ ಪಕ್ಕ ಗೆರೆಯುಳ್ಳ ಚಪ್ಪಟೆ ಹಣ್ಣು! ಇದೆಲ್ಲಿಯದು ಖಾಲಾ ಎಂದೆ. “ನಿಮ್ಮವ್ವನೇ ಕೊಟ್ಟಿದ್ದಳಲ್ಲ ಬೇಟಿ, ನನ್ನ ದೊಡ್ಡ ಮಗ ಹುಟ್ಟಿದ ವರ್ಷ” ಎಂದರು. ಅವ್ವನ ಹಣ್ಣಿಗಿಂತ ಇದು ತುಸು ದೊಡ್ಡದು, ಹುಳಿ ತುಸು ಕಡಿಮೆ. ಅಷ್ಟು ವರ್ಷ ಇನ್ನೊಂದು ಮನೆಯಲ್ಲಿ ಬೆಳೆದದ್ದಲ್ಲವೇ, ಆ ಮನೆಯ ಕೈ ಆರಿಸಿದ ಹಾಗೆ ಬದಲಾಗಿರಬೇಕು. ನಾನು ಸೆರಗಿನಲ್ಲಿ ನಾಲ್ಕು ಹಣ್ಣು ಕಟ್ಟಿಕೊಂಡು ಬಂದೆ. ಅವ್ವ ಜಂತಿಗೆ ಕಟ್ಟಿದ್ದನ್ನು ನಾನು ಕಳೆದೆ. ಅವಳು ಕೊಟ್ಟದ್ದು ಉಳಿದಿತ್ತು.

ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಸಹಜ ಸಮೃದ್ಧ, ಶಿರಸಿಯ ವನಸ್ತ್ರೀ ಬಳಗದಂಥವರು ದೇಸಿ ಕಾಯಿಪಲ್ಯದ ಬೀಜ ಕಾಯ್ದುಕೊಂಡು ಬಂದಿದ್ದಾರೆ. ಸರ್ಕಾರಿ ಸಂಸ್ಥೆಗಳು ಬಿಡುಗಡೆ ಮಾಡಿದ ಶುದ್ಧ ತಳಿಗಳೂ ಇವೆ; ಪಾರಂಪರಿಕ ಅಲ್ಲದಿದ್ದರೂ ಇವುಗಳ ಬೀಜ ಹಿಡಿಯಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್, ಮಳೆಯಾಶ್ರಯಕ್ಕೆ ಹೇಳಿಮಾಡಿಸಿದ ಅರ್ಕಾ ಮೇಘಾಲಿ, ಸೊರಗು ರೋಗ ತಡೆಯುವ ಅರ್ಕಾ ಅಲೋಕ್, ದೆಹಲಿಯ ಪೂಸಾ ರೂಬಿ ಇಂಥವು. ಪೂಸಾ ರೂಬಿ ಹಣ್ಣಿಗೆ ತುಸು ಗೆರೆಯೂ ಇದೆ, ಹುಳಿಯೂ ಇದೆ. ನಮ್ಮ ನಾಲಿಗೆಗೆ ಹಿಡಿಸೀತು. ಆದರೆ ಅರ್ಕಾ ಎಂದ ಕೂಡಲೇ ನಂಬಬೇಡಿರಿ: ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಹೈಬ್ರಿಡ್‌ಗಳು. ಪೊಟ್ಟಣದ ಮೇಲೆ ಎಫ್-1 ಅಥವಾ ಹೈಬ್ರಿಡ್ ಎಂದು ಬರೆದಿದೆಯೇ ಎಂದು ಮಕ್ಕಳಿಂದ ಓದಿಸಿರಿ. ಒಮ್ಮೆ ಒಂದು ನರ್ಸರಿಯವರು ‘ನಾಟಿ ಅಗಿ’ ಎಂದು ಆಣೆ ಮಾಡಿ ಕೊಟ್ಟದ್ದು ನನ್ನ ಹಿತ್ತಲಲ್ಲಿ ಹೈಬ್ರಿಡ್ ಆಗಿ ಕಾಯಿ ಬಿಟ್ಟಿತು. ಅಂದಿನಿಂದ ನಾನು ಅಗಿ ಕೊಳ್ಳುವುದನ್ನೇ ಬಿಟ್ಟೆ. ಸಂಶಯವಿದ್ದರೆ ಜನವಾಡದ ಕೃಷಿ ವಿಜ್ಞಾನ ಕೇಂದ್ರವನ್ನು, ಬೀದರಿನ ತೋಟಗಾರಿಕೆ ಕಾಲೇಜನ್ನು ಕೇಳಿರಿ. ಕೇಳಿದರೆ ಹೇಳುವುದು ಅವರ ಕೆಲಸ.

ಬೆಳೆಸುವುದಕ್ಕೆ ಪಂಚಾಂಗ ನಿಮ್ಮ ಹಬ್ಬಗಳಲ್ಲೇ ಇದೆ. ಗಣಪ್ಪ ಕೂರುವ ದಿನಕ್ಕೆ ಬೀಜ ಮಡಿಗೆ ಹಾಕಿರಿ. ದಸರೆಯ ಹೊತ್ತಿಗೆ ಅಗಿ ಗೇಣುದ್ದ ಆಗಿರುತ್ತದೆ, ಆಗ ಹಚ್ಚಿರಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಭಜ್ಜಿಯ ಜೊತೆ ನಿಮ್ಮ ಹಿತ್ತಲಿನ ಟಮಾಟೆ ಚಟ್ನಿ ಬುಟ್ಟಿಯಲ್ಲಿರುತ್ತದೆ. ಮುಂಗಾರಿನಲ್ಲಿ ಎಲೆಗೆ ಅಂಗಮಾರಿ ಕಾಟ, ಬೇಸಿಗೆಯಲ್ಲಿ ಹೂ ಉದುರುತ್ತದೆ. ನಮ್ಮ ಬೀದರ್ ಎತ್ತರದ ಸೀಮೆ. ಚಳಿಗಾಲದ ರಾತ್ರಿ 12 ಡಿಗ್ರಿಯ ಆಸುಪಾಸಿಗೆ ಇಳಿದರೂ ಹಗಲಿನ ಬಿಸಿಲು ಹಿತವಾಗಿರುತ್ತದೆ. ಟಮಾಟೆಗೆ ಇದಕ್ಕಿಂತ ಒಳ್ಳೆಯ ಕಾಲ ನಮ್ಮಲ್ಲಿ ಇಲ್ಲ.

ಮಡಿಯ ಮೇಲೆ ತೆಳ್ಳನೆಯ ಹಳೆಯ ಅರಿವೆ ಹೊದಿಸಿ ನಾಲ್ಕೂ ಬದಿ ಮಣ್ಣಿನಿಂದ ಮುಚ್ಚಿರಿ. ಎಲೆ ಮುರುಟುವ ರೋಗ ತರುವುದು ಬಿಳಿನೊಣ. ಅಗಿ ಎಳೆಯದಾಗಿರುವಾಗ ಅದು ಮುಟ್ಟದಂತೆ ನೋಡಿಕೊಂಡರೆ ಅರ್ಧ ಗೆದ್ದಂತೆ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಟಮಾಟೆಯ ದಾಯಾದಿಗಳು. ಹೋದ ವರ್ಷ ಅವು ಇದ್ದ ಜಾಗದಲ್ಲಿ ಈ ವರ್ಷ ಟಮಾಟೆ ಬೇಡ. ಬಗದಲ್ ಕಡೆಯ ಹಿತ್ತಲು ಮುರಕಲ್ಲು ಕರಗಿದ ಕೆಂಪು ಮಣ್ಣು, ಕೋಟೆಯ ಗೋಡೆಯ ಅದೇ ಕಲ್ಲು. ನೀರು ನಿಲ್ಲುವುದಿಲ್ಲ, ಸುಣ್ಣದ ಅಂಶ ಕಡಿಮೆ. ಗುಂಡಿಗೆ ಎರಡು ಬುಟ್ಟಿ ಹಳೆಯ ತಿಪ್ಪೆಗೊಬ್ಬರ, ಒಂದು ಹಿಡಿ ಒಲೆಯ ಬೂದಿ, ಪುಡಿ ಮಾಡಿದ ಮೊಟ್ಟೆಚಿಪ್ಪು ಇದ್ದರೆ ಅದೂ ಹಾಕಿರಿ. ಭಾಲ್ಕಿ, ಔರಾದ್ ಕಡೆಗೆ ಕೊಟ್ಟ ನಿಮ್ಮ ಹೆಣ್ಣುಮಕ್ಕಳಿಗೆ ಬೀಜ ಕಳಿಸುವುದಾದರೆ ಈ ಮಾತೂ ಕಳಿಸಿರಿ: ಎರೆಮಣ್ಣಿನಲ್ಲಿ ಗೇಣೆತ್ತರ ದಿಬ್ಬ ಮಾಡಿ ಹಚ್ಚಬೇಕು, ಇಲ್ಲವಾದರೆ ಬೇರು ಕೊಳೆಯುತ್ತದೆ.

ಅಗಿಯನ್ನು ಕೆಳಗಿನ ಎಲೆ ಚಿವುಟಿ ಕುತ್ತಿಗೆಯವರೆಗೆ ಹೂಳಿರಿ. ಮಣ್ಣು ಮುಟ್ಟಿದ ಕಾಂಡದಲ್ಲೆಲ್ಲ ಬೇರು ಬರುತ್ತದೆ. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ ಬಿಡಿರಿ. ಜವಾರಿ ಜಾತಿಗಳು ಹೆಚ್ಚಾಗಿ ಬೆಳೆಯುತ್ತಲೇ ಹೋಗುವಂಥವು. ಹೋದ ವರ್ಷದ ತೊಗರಿಕಟ್ಟಿಗೆ ಮೂರು ನೆಟ್ಟು, ಹಳೆ ಸೀರೆಯ ಪಟ್ಟಿಯಿಂದ ಸಡಿಲಾಗಿ ಕಟ್ಟಿರಿ. ಬುಡಕ್ಕೆ ಸೋಯಾ ಹೊಟ್ಟು ಇಲ್ಲವೇ ಕಬ್ಬಿನ ರವದಿ ಹಾಸಿರಿ. ನೀರನ್ನು ಬುಡಕ್ಕೆ ಮಾತ್ರ, ಬೆಳಿಗ್ಗೆ, ಒಂದೇ ಅಳತೆಯಲ್ಲಿ ಹಾಕಿರಿ. ನಾಲ್ಕು ದಿನ ಮರೆತು ಐದನೆಯ ದಿನ ಕೊಡ ಸುರಿದರೆ ಹಣ್ಣು ಒಡೆಯುತ್ತದೆ, ತಳಭಾಗ ಕಪ್ಪಾಗಿ ಕೊಳೆಯುತ್ತದೆ. ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆದವರನ್ನು ಕಂಡಿದ್ದೇನೆ. ನೀರಿನ ಏರುಪೇರು, ಸುಣ್ಣದ ಕೊರತೆ ಎರಡೂ ಕೂಡಿ ಆಗುವ ಕೇಡು ಅದು.

ಹುಳುವಿನ ವಿಷಯ ನಿಮಗೆ ಹೊಸದಲ್ಲ. ತೊಗರಿಯಲ್ಲಿ ನೀವು ಗಿಡ ಅಲುಗಿಸಿ ಕೆಡಹುವ ಕೀಡಿಯೇ ಟಮಾಟೆಯನ್ನೂ ಕೊರೆಯುವುದು. ಹಿತ್ತಲಿನ ನಾಲ್ಕು ಗಿಡಕ್ಕೆ ಕೈಯಿಂದ ಆರಿಸುವುದೇ ಸಾಕು. ಜೊತೆಗೆ ಹದಿನೈದು ಇಪ್ಪತ್ತು ದಿನ ಮೊದಲೇ ಎಬ್ಬಿಸಿದ ಚೆಂಡುಹೂವಿನ ಗಿಡ ನಡುವೆ ಹಚ್ಚಿದರೆ ಕೀಡಿಯ ಚಿಟ್ಟೆ ಆ ಹೂವಿಗೆ ಹೋಗಿ ತತ್ತಿ ಇಡುತ್ತದೆ. 2014ರಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಟೂಟಾ ಎಂಬ ಹೊರಗಿನ ಹುಳು ಎಲೆಯೊಳಗೆ ಬಿಳಿಯ ಸುರಂಗ ಮಾಡುತ್ತದೆ. ಅಂಥ ಎಲೆ ಕಂಡ ದಿನವೇ ಕಿತ್ತು ಸುಡಿರಿ. ಬೇವಿನ ಬೀಜದ ಪುಡಿ 50 ಗ್ರಾಂ ರಾತ್ರಿ ಒಂದು ಲೀಟರ್ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಸಂಜೆ ಹೊಡೆಯಿರಿ.

ಇನ್ನು ಬೀಜ. ಈ ಪತ್ರವನ್ನು ಸಭೆಯಲ್ಲಿ ಓದುವವರು ದಯವಿಟ್ಟು ಇಲ್ಲಿಂದ ಮುಂದೆ ಎರಡು ಸಲ ಓದಿರಿ. ಟಮಾಟೆ ಹೂವು ತನ್ನ ಪರಾಗ ತಾನೇ ತೆಗೆದುಕೊಳ್ಳುತ್ತದೆ. ಗೋವಿನಜೋಳದ ಹಾಗೆ, ಸೌತೆ ಕುಂಬಳದ ಹಾಗೆ ಪಕ್ಕದ ಮನೆಯದರ ಜೊತೆ ಸುಲಭಕ್ಕೆ ಬೆರೆಯುವುದಿಲ್ಲ. ಎರಡು ಜಾತಿ ಇದ್ದರೆ ನಾಲ್ಕು ಮಾರು ದೂರ ಹಚ್ಚಿದರೆ ಸಾಕು. ಹೀಗಾಗಿ ಬೀಜ ಹಿಡಿಯಲು ಇದಕ್ಕಿಂತ ಸುಲಭದ ಕಾಯಿಪಲ್ಯ ಕಡಿಮೆ.

ಮೊದಲು ಗಿಡ ಆರಿಸಿರಿ, ಆಮೇಲೆ ಹಣ್ಣು. ಎಲೆ ಮುರುಟದ, ಹುಳು ಕಡಿಮೆ ಬಿದ್ದ, ಮನೆಯವರೆಲ್ಲ ರುಚಿ ಎಂದ ಗಿಡಕ್ಕೆ ಕೆಂಪು ದಾರ ಕಟ್ಟಿರಿ. ಆಗ ಮಕ್ಕಳೂ ಕಿತ್ತು ತಿನ್ನುವುದಿಲ್ಲ. ರೋಗದ ಗಿಡದಲ್ಲಿ ಎಷ್ಟೇ ಚೆಂದದ ಹಣ್ಣು ಬಂದರೂ ಅದು ಒಲೆಗೆ. ದಾರ ಕಟ್ಟಿದ ಗಿಡದ ಎರಡನೆಯ ಮೂರನೆಯ ಗೊಂಚಲಿನ ಹಣ್ಣು ಪೂರಾ ಮಾಗಿ ಮೆತ್ತಗಾಗುವವರೆಗೆ ಬಿಡಿರಿ. ಮೂರು ನಾಲ್ಕು ಗಿಡದ ಹಣ್ಣು ಕೂಡಿಸಿ, ಅಡ್ಡ ಕೊಯ್ದು, ಬೀಜವನ್ನು ಲೋಳೆಯ ಸಮೇತ ಗಾಜಿನ ಗ್ಲಾಸಿಗೆ ಹಿಂಡಿರಿ. ಒಂದಿಷ್ಟು ನೀರು ಬೆರೆಸಿ, ಮೇಲೆ ಅರಿವೆ ಕಟ್ಟಿ, ನೆರಳಲ್ಲಿ ಎರಡು ಮೂರು ದಿನ ಇಡಿರಿ. ವಾಸನೆ ಬರುತ್ತದೆ, ಮೇಲೆ ಬಿಳಿಯ ಬೂಸು ಕಟ್ಟುತ್ತದೆ, ಕೆಟ್ಟಿತೆಂದು ಚೆಲ್ಲಬೇಡಿರಿ. ಬೀಜವನ್ನು ಮೊಳೆಯದಂತೆ ತಡೆಯುವ ಲೋಳೆ ಆ ಹುಳಿಯಲ್ಲೇ ಕರಗುವುದು, ಬೀಜಕ್ಕಂಟಿದ ಕೆಲವು ರೋಗವೂ ಆಗಲೇ ಹೋಗುವುದು. ಮೂರು ದಿನಕ್ಕಿಂತ ಹೆಚ್ಚು ಬಿಟ್ಟರೆ ಮಾತ್ರ ಒಳಗೇ ಮೊಳಕೆ ಬಂದೀತು. ನಾಲ್ಕು ಸಲ ನೀರು ಬಸಿದರೆ ಜೊಳ್ಳು ತೇಲಿಹೋಗಿ ಗಟ್ಟಿ ಬೀಜ ತಳಕ್ಕೆ ನಿಲ್ಲುತ್ತದೆ. ಅದನ್ನು ಸ್ಟೀಲಿನ ತಾಟಿನಲ್ಲಿ ಹರಡಿ, ನೆರಳಲ್ಲಿ ಒಂದು ವಾರ ಒಣಗಿಸಿರಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ. ಬೂದಿ ಬೆರೆಸಿ ಸಣ್ಣ ಬಾಟಲಿಗೆ ತುಂಬಿ, ಹೆಸರು, ವರ್ಷ, ಯಾರ ಮನೆಯದು ಎಂದು ಚೀಟಿ ಹಚ್ಚಿರಿ. ನಾಲ್ಕೈದು ವರ್ಷ ಹುಟ್ಟುತ್ತದೆ. ಒಂದು ಹಣ್ಣಿನಲ್ಲಿ ನೂರರ ಆಸುಪಾಸು ಬೀಜ. ಅಂಥ ಒಂದು ಹಣ್ಣು ಇಡೀ ಗುಂಪಿಗೆ ಸಾಕು.

ಇದನ್ನು ನಿಮ್ಮ ಗುಂಪುಗಳಿಗೇ ಏಕೆ ಬರೆಯುತ್ತಿದ್ದೇನೆ? ಒಬ್ಬಳ ಜಂತಿಗೆ ಕಟ್ಟಿದ ಗಂಟು ಅವಳ ಜೊತೆ ಹೋಗುತ್ತದೆ ಎಂಬುದನ್ನು ನಾನು ಕಂಡವಳು. ಗುಂಪು ಹಾಗಲ್ಲ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಲೆಕ್ಕ ಬರೆಯುತ್ತೀರಿ. ಬೀದರ್ ಜಿಲ್ಲೆಯ ಸ್ವಸಹಾಯ ಗುಂಪುಗಳಿಗೆ ಡಿಸಿಸಿ ಬ್ಯಾಂಕು ಸಾಲ ಕೊಡತೊಡಗಿದಾಗ ಹೆಣ್ಣುಮಕ್ಕಳು ಕಂತು ಕಟ್ಟಿಯಾರೇ ಎಂದವರಿದ್ದರು. ಕಟ್ಟಿ ತೋರಿಸಿದಿರಿ, ನೋಡಿ ಕಲಿಯಲು ಹೊರಗಿನವರು ನಮ್ಮ ಜಿಲ್ಲೆಗೆ ಬಂದರು. ಆ ಪುಸ್ತಕದಲ್ಲೇ ಇನ್ನೊಂದು ಹಾಳೆ ತೆರೆಯಿರಿ, ಮೇಲೆ ‘ಬೀಜದ ಸಾಲ’ ಎಂದು ಬರೆಯಿರಿ. ಒಂದು ಚಿಟಿಕೆ ಒಯ್ದವರು ಬರುವ ವರ್ಷ ಎರಡು ಚಿಟಿಕೆ ತರಬೇಕು. ಅದರಲ್ಲಿ ಒಂದು ಗುಂಪಿನ ಬೀಜದ ಡಬ್ಬಿಗೆ, ಒಂದು ಹೊಸ ಮನೆಗೆ.

ಇದು ನಾನು ಕನಸು ಕಂಡು ಹೇಳುವುದಲ್ಲ. ಗಡಿ ದಾಟಿದರೆ ಜಹೀರಾಬಾದ್, ಅದರ ಪಕ್ಕದಲ್ಲೇ ಪಸ್ತಾಪುರ. ನಮ್ಮ ಹಾಗೆಯೇ ರೊಟ್ಟಿ ತಿನ್ನುವ, ಹೆಚ್ಚಿನವರು ದಲಿತ ಮನೆತನದ ಹೆಣ್ಣುಮಕ್ಕಳು ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಗಂಗಳಲ್ಲಿ ಕೂಡಿ, ಕಳೆದುಹೋಗುತ್ತಿದ್ದ ಸಿರಿಧಾನ್ಯ ಬೇಳೆಕಾಳುಗಳ ಬೀಜವನ್ನು ಬುಟ್ಟಿ ಬುಟ್ಟಿಯಲ್ಲಿ ಉಳಿಸಿದ್ದಾರೆ. ಸಂಕ್ರಾಂತಿಗೆ ಎತ್ತಿನ ಬಂಡಿ ಸಿಂಗರಿಸಿ, ಬೀಜ ಹೊತ್ತು, ಊರೂರು ಜಾತ್ರೆ ಮಾಡುತ್ತಾರೆ. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅವರ ಜೊತೆ ನಾಲ್ಕು ದಶಕ ನಿಂತ ಪಿ.ವಿ. ಸತೀಶ್ ಮೈಸೂರಿನ ಕನ್ನಡಿಗರು, 2023ರಲ್ಲಿ ತೀರಿಕೊಂಡರು. ಅಮೆರಿಕದಲ್ಲಿ 1975ರಲ್ಲಿ ಒಂದು ದಂಪತಿ ಆರಂಭಿಸಿದ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಎಂಬ ದೊಡ್ಡ ಬೀಜ ಬಳಗಕ್ಕೂ ಮೂಲ ಅಜ್ಜ ಕೊಟ್ಟ ಎರಡೇ ಬಗೆಯ ಬೀಜ: ಒಂದು ಹೂಬಳ್ಳಿಯದು, ಇನ್ನೊಂದು ಟಮಾಟೆಯದು.

ಬೀಜ ಹಂಚಿದರೆ ಯಾರಾದರೂ ಕೇಳಿಯಾರೆಂಬ ಅಂಜಿಕೆ ಬೇಡ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಮು ಬೀಜ ಉಳಿಸುವ, ಬಿತ್ತುವ, ಬದಲಿಸುವ, ಹಂಚುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಕಾಯ್ದೆಯಡಿ ರಕ್ಷಣೆ ಪಡೆದ ತಳಿಯ ಬೀಜವನ್ನು ಪೊಟ್ಟಣ ಕಟ್ಟಿ, ಆ ತಳಿಯದೆಂದು ಚೀಟಿ ಹಚ್ಚಿ ಮಾರಬಾರದು, ಅಷ್ಟೇ.

ಒಕ್ಕೂಟದ ಪದಾಧಿಕಾರಿಗಳಲ್ಲಿ, ಕೃಷಿ ಸಖಿಯರಲ್ಲಿ ಒಂದು ವಿನಂತಿ. ಪೌಷ್ಟಿಕ ಕೈತೋಟಕ್ಕೆಂದು ಬೀಜದ ಕಿಟ್ ಹಂಚುವಾಗ ಅದರಲ್ಲಿ ಹೈಬ್ರಿಡ್ ಇದೆಯೋ ಇಲ್ಲವೋ ನೋಡಿ, ಬೀಜ ಹಿಡಿಯಬಹುದಾದ ತಳಿಯನ್ನೇ ಕೇಳಿರಿ. ಬರುವ ಎಳ್ಳ ಅಮಾವಾಸ್ಯೆಯ ನಂತರದ ಸಭೆಯಲ್ಲಿ ಪ್ರತಿ ಗುಂಪಿನವರೂ ತಮ್ಮ ಹಣ್ಣು ತರಲಿ, ಚಟ್ನಿ ಮಾಡಿ ತಿನ್ನೋಣ, ಯಾರ ಬೀಜ ಯಾರ ಮನೆಗೆ ಎಂದು ಅಲ್ಲೇ ಗೊತ್ತುಮಾಡೋಣ.

ಈಗ ಶ್ರಾವಣ ನಡೆದಿದೆ. ಖಾಲಾ ಕೊಟ್ಟ ಹಣ್ಣಿನಿಂದ ಹಿಡಿದ ಬೀಜ ನನ್ನ ಮನೆಯಲ್ಲಿ ಮೂರು ಬಾಟಲಿ ಇದೆ. ಗಣಪ್ಪನ ಹಬ್ಬಕ್ಕೆ ಮೊದಲು ಯಾವ ದಿನವಾದರೂ, ಸಂಜೆ ನಾಲ್ಕರ ಮೇಲೆ, ಗುಂಪಿಗೆ ಒಬ್ಬರಂತೆ ಬನ್ನಿರಿ. ಪುಸ್ತಕದ ಹೊಸ ಹಾಳೆಯಲ್ಲಿ ಮೊದಲ ಸಾಲು ನಾನೇ ಬರೆದುಕೊಡುತ್ತೇನೆ.

ಇಂತು ನಿಮ್ಮ ವಿಶ್ವಾಸದ,
ನಿಮ್ಮೂರಿನ ಹಳೆಯ ಟೀಚರಮ್ಮ
ಬಗದಲ್, ಬೀದರ್ ಜಿಲ್ಲೆ